ಜೆರೆಮಿ ಕಾರ್ಬಿನ್: ಸೋಲು, ಸಾಧನೆ ಮತ್ತು ನ್ಯಾಯದ ತಕ್ಕಡಿ

2017ರ ಜೂನ್ 19. ರಮಝಾನ್ ತಿಂಗಳ ಕೊನೆಯ ಹತ್ತು ದಿನಗಳು. ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಪ್ರದೇಶದಲ್ಲಿ ಮಧ್ಯರಾತ್ರಿ ಕಳೆದು ಕೆಲವೇ ನಿಮಿಷಗಳಾಗಿದ್ದವು. ತರಾವೀಹ್ ನಮಾಝ್ ಮುಗಿಸಿ ಮನೆಗೆ ಹೊರಟಿದ್ದ ಜನರು ಬೀದಿಯಲ್ಲಿದ್ದರು. ದಾರಿಯಲ್ಲಿ ಕುಸಿದು ಬಿದ್ದಿದ್ದ ಮಕ್ರಮ್ ಅಲಿ ಎಂಬ 51 ವರ್ಷದ ವ್ಯಕ್ತಿಯ ನೆರವಿಗೆ ಕೆಲವರು ನಿಂತಿದ್ದಾಗ ಒಬ್ಬಾತ ವ್ಯಾನೊಂದನ್ನು ಆ ಗುಂಪಿನ ಮೇಲೆಯೇ ಹರಿಸಿದ. ಮಕ್ರಮ್ ಅಲಿ ಮೃತಪಟ್ಟರು, ಹಲವರು ಗಾಯಗೊಂಡರು. ಕೋಪಗೊಂಡ ಜನರು ದಾಳಿಕೋರನನ್ನು ಮುತ್ತಿಕೊಂಡಾಗ ಇಮಾಮ್ ಮುಹಮ್ಮದ್ ಮಹಮೂದ್ ಅವರು ಅಡ್ಡ ನಿಂತು, ಅವನಿಗೆ ಪೆಟ್ಟು ಬೀಳದಂತೆ ಕಾಪಾಡಿ ಪೊಲೀಸರಿಗೆ ಒಪ್ಪಿಸಿದರು.

ಆ ಪ್ರದೇಶವನ್ನು 1983ರಿಂದ ಸಂಸತ್ತಿನಲ್ಲಿ ಪ್ರತಿನಿಧಿಸುತ್ತಿದ್ದವರು ಜೆರೆಮಿ ಕಾರ್ಬಿನ್. ಅಂದು ಅವರು ಬ್ರಿಟನ್ನಿನ ವಿರೋಧ ಪಕ್ಷದ ನಾಯಕರೂ ಆಗಿದ್ದರು. ಸುದ್ದಿ ತಿಳಿದು ತಮ್ಮ ಕ್ಷೇತ್ರದ ಜನರ ಬಳಿಗೆ ಬಂದರು. ಮುಂದೆ ವಿಚಾರಣೆಯ ಸಮಯದಲ್ಲಿ ಆ ದಾಳಿಕೋರನು ತನಗೆ ಕಾರ್ಬಿನ್ ಅವರನ್ನೂ ಕೊಲ್ಲುವ ಆಸೆಯಿತ್ತೆಂದು ನ್ಯಾಯಾಲಯದಲ್ಲಿ ಹೇಳಿದ. ಮುಸ್ಲಿಮರನ್ನು ದ್ವೇಷಿಸುವವನ ಕಣ್ಣಿಗೆ ಈ ಬಿಳಿ ಗಡ್ಡದ ಆಂಗ್ಲ ಸಂಸದನೂ ಶತ್ರುವಾಗಿ ಕಂಡಿದ್ದ.

ಆದುದರಿಂದಲೇ ಕಾರ್ಬಿನ್ ಅವರ ಬಗ್ಗೆ ಬರೆಯುವುದು ನಮಗೆ ಸುಲಭವೂ ಹೌದು, ಕಷ್ಟವೂ ಹೌದು. ಫೆಲೆಸ್ತೀನಿಗಾಗಿ ದನಿಯೆತ್ತಿದವರು, ಇರಾಕ್ ಯುದ್ಧವನ್ನು ವಿರೋಧಿಸಿದವರು ಎಂಬ ಕಾರಣಕ್ಕೆ ಮುಸ್ಲಿಮ್ ಮನೆಗಳಲ್ಲಿ ಅವರ ಹೆಸರು ಪ್ರೀತಿಯಿಂದ ಕೇಳಿಬರುತ್ತದೆ. ಅದೇ ಹೆಸರು ಬ್ರಿಟನ್ನಿನ ಅನೇಕ ಯಹೂದಿ ಮನೆಗಳಲ್ಲಿ ಆತಂಕ ಹುಟ್ಟಿಸಿದೆ. ಅವರ ಸ್ವಂತ ಪಕ್ಷದವರಲ್ಲಿಯೇ ಕೆಲವರು ಅವರನ್ನು ಪ್ರಾಮಾಣಿಕತೆಯ ಮೂರ್ತಿ ಎಂದರೆ, ಮತ್ತೆ ಕೆಲವರು ಪಕ್ಷವನ್ನು ಮುಳುಗಿಸಿದವರು ಎಂದು ದೂರುತ್ತಾರೆ. ನಮಗೆ ಪ್ರಿಯರಾದವರನ್ನು ತೂಗುವಾಗಲೂ ತಕ್ಕಡಿ ನೇರವಾಗಿರಬೇಕು. ಅಪ್ರಿಯರ ವಿಷಯದಲ್ಲಿ ನ್ಯಾಯ ಪಾಲಿಸುವುದು ಎಷ್ಟು ಕಷ್ಟವೋ ಪ್ರಿಯರ ವಿಷಯದಲ್ಲಿ ಪಾಲಿಸುವುದೂ ಅಷ್ಟೇ ಕಷ್ಟ.

ಹಿಂದಿನ ಸಾಲಿನ ಸಂಸದ

ಕಾರ್ಬಿನ್ ಹುಟ್ಟಿದ್ದು 1949ರಲ್ಲಿ, ಇಂಗ್ಲೆಂಡಿನ ಚಿಪ್ಪೆನ್‌ಹ್ಯಾಮ್ ಪಟ್ಟಣದಲ್ಲಿ. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಅಲ್ಲಿನ ಗಣರಾಜ್ಯವನ್ನು ಬೆಂಬಲಿಸುವ ಸಭೆಯೊಂದರಲ್ಲಿ ಅವರ ತಂದೆ-ತಾಯಿ ಪರಿಚಯವಾಗಿದ್ದರು. ತಾರುಣ್ಯದಲ್ಲಿ ಅವರು ಸ್ವಯಂಸೇವಕರಾಗಿ ಜಮೈಕಾಕ್ಕೆ ಹೋಗಿ ಸುಮಾರು ಎರಡು ವರ್ಷ ಕೆಲಸ ಮಾಡಿದರು. ಮರಳಿ ಬಂದ ಮೇಲೆ ದರ್ಜಿಗಳ ಮತ್ತು ಉಡುಪು ಕಾರ್ಮಿಕರ ಸಂಘದಲ್ಲಿ, ಅನಂತರ ಸಾರ್ವಜನಿಕ ನೌಕರರ ಸಂಘದಲ್ಲಿ ದುಡಿದರು. 1974ರಲ್ಲಿ ಲಂಡನ್ನಿನ ಹ್ಯಾರಿಂಗೇ ಸ್ಥಳೀಯ ಸಂಸ್ಥೆಯ ಸದಸ್ಯರಾದರು. 1983ರಲ್ಲಿ ಇಸ್ಲಿಂಗ್ಟನ್ ನಾರ್ತ್ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದರು. ಟೋನಿ ಬ್ಲೇರ್ ಮತ್ತು ಗೋರ್ಡನ್ ಬ್ರೌನ್ ಕೂಡ ಅದೇ ಚುನಾವಣೆಯಲ್ಲಿ ಮೊದಲ ಬಾರಿಗೆ ಗೆದ್ದು ಬಂದವರು. ಆ ಇಬ್ಬರು ಪ್ರಧಾನಿಗಳಾದರು. ಕಾರ್ಬಿನ್ ಮೂವತ್ತೆರಡು ವರ್ಷ ಹಿಂದಿನ ಸಾಲಿನಲ್ಲಿಯೇ ಕುಳಿತರು.

ಆ ಹಿಂದಿನ ಸಾಲು ಅವರ ಸ್ವಂತ ಆಯ್ಕೆಯಾಗಿತ್ತು. 1984ರಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯನ್ನು ವಿರೋಧಿಸಿ ಅದರ ರಾಯಭಾರ ಕಚೇರಿಯ ಮುಂದೆ ನಡೆದ ಪ್ರತಿಭಟನೆಯಲ್ಲಿ ಅವರು ಬಂಧನಕ್ಕೊಳಗಾದರು. ನೆಲ್ಸನ್ ಮಂಡೇಲಾರನ್ನು ಭಯೋತ್ಪಾದಕ ಎಂದು ಕರೆಯಲು ಹಿಂಜರಿಯದ ರಾಜಕಾರಣಿಗಳು ಬ್ರಿಟನ್ನಿನಲ್ಲಿದ್ದ ಕಾಲವದು. ಆದರೆ ಅದೇ ವರ್ಷದ ಇನ್ನೊಂದು ಘಟನೆಯನ್ನೂ ಹೇಳಬೇಕು. ಪ್ರಧಾನಿ ಮಾರ್ಗರೇಟ್ ಥ್ಯಾಚರ್ ತಂಗಿದ್ದ ಬ್ರೈಟನ್ ಹೋಟೆಲಿನಲ್ಲಿ ಐಆರ್‌ಎ ಬಾಂಬ್ ಸ್ಫೋಟಿಸಿ ಐವರು ಸತ್ತ ಕೆಲವೇ ವಾರಗಳಲ್ಲಿ ಕಾರ್ಬಿನ್ ಐರಿಷ್ ಗಣತಂತ್ರವಾದಿಗಳನ್ನು ಸಂಸತ್ ಭವನಕ್ಕೆ ಕರೆಸಿಕೊಂಡರು. ಶಾಂತಿಗಾಗಿ ಎಲ್ಲರೊಡನೆ ಮಾತನಾಡಬೇಕು ಎಂಬುದು ಅವರ ಸಮರ್ಥನೆ. ಮುಂದೆ ಬ್ರಿಟಿಷ್ ಸರ್ಕಾರವೇ ಆ ಜನರೊಡನೆ ಮಾತನಾಡಿ 1998ರ ಒಪ್ಪಂದಕ್ಕೆ ಬಂದಿತು ಎಂಬುದೂ ಸತ್ಯ. ಆದರೆ ಸಂಧಾನಕಾರನು ಎರಡೂ ಕಡೆಯವರೊಂದಿಗೆ ಕುಳಿತುಕೊಳ್ಳುತ್ತಾನೆ. ಕಾರ್ಬಿನ್ ಹೆಚ್ಚಾಗಿ ಒಂದೇ ಕಡೆಯವರೊಂದಿಗೆ ಕುಳಿತಿದ್ದರು. ಹತರಾದವರ ಕುಟುಂಬಗಳ ಕಣ್ಣಿಗೆ ಅದು ಸಂಧಾನದಂತೆ ಕಾಣದಿದ್ದರೆ ಅವರನ್ನು ದೂರುವಂತಿಲ್ಲ.

ಸ್ವಪಕ್ಷವೇ ಆಡಳಿತದಲ್ಲಿದ್ದ 1997ರಿಂದ 2010ರವರೆಗಿನ ಅವಧಿಯಲ್ಲಿ ಅವರು ಪಕ್ಷದ ವಿಪ್ ಉಲ್ಲಂಘಿಸಿ 400ಕ್ಕೂ ಹೆಚ್ಚು ಬಾರಿ ಮತ ಚಲಾಯಿಸಿದರು. ಈ ಸಂಖ್ಯೆ ಮುಂದೆ ಅವರಿಗೇ ತೊಡಕಾಯಿತು. ನಾಯಕನಾದ ಮೇಲೆ ಶಿಸ್ತನ್ನು ಕೇಳುವ ನೈತಿಕ ಬಲ ಅವರಲ್ಲಿ ಉಳಿದಿರಲಿಲ್ಲ.

ಇರಾಕ್ ಎಂಬ ಗಾಯ

ಕಾರ್ಬಿನ್ ಅವರನ್ನು ಅರ್ಥಮಾಡಿಕೊಳ್ಳಲು ಇರಾಕ್ ಯುದ್ಧದ ದಿನಗಳಿಗೆ ಮರಳಬೇಕು. 2001ರಲ್ಲಿ ಹುಟ್ಟಿದ 'ಸ್ಟಾಪ್ ದಿ ವಾರ್' ಒಕ್ಕೂಟದ ಪ್ರಮುಖರಲ್ಲಿ ಅವರೊಬ್ಬರು. 2003ರ ಫೆಬ್ರವರಿ 15ರಂದು ಲಂಡನ್ನಿನ ಬೀದಿಗಳಲ್ಲಿ ಆ ನಗರ ಹಿಂದೆಂದೂ ಕಾಣದಷ್ಟು ಜನ ಯುದ್ಧದ ವಿರುದ್ಧ ನಡೆದರು. ಮಸೀದಿಗಳಿಂದ ಹೊರಟ ಕುಟುಂಬಗಳು, ಚರ್ಚಿನ ಹಿರಿಯರು, ಕಾರ್ಮಿಕ ಸಂಘದವರು, ಯಹೂದಿ ಶಾಂತಿವಾದಿಗಳು ಒಂದೇ ಮೆರವಣಿಗೆಯಲ್ಲಿದ್ದರು. ಹೈಡ್ ಪಾರ್ಕಿನ ವೇದಿಕೆಯಿಂದ ಕಾರ್ಬಿನ್ ಮಾತನಾಡಿದರು. ಒಂದು ತಿಂಗಳ ಬಳಿಕ, ಮಾರ್ಚ್ 18ರಂದು, ಸಂಸತ್ತು 412-149 ಮತಗಳಿಂದ ಯುದ್ಧಕ್ಕೆ ಒಪ್ಪಿಗೆ ನೀಡಿತು. ಸಾಮೂಹಿಕ ವಿನಾಶದ ಆಯುಧಗಳು ದೊರೆಯಲಿಲ್ಲ. ದೊರೆತದ್ದು ಅಸಂಖ್ಯ ಹೆಣಗಳು, ಛಿದ್ರಗೊಂಡ ದೇಶ ಮತ್ತು ಆ ಬಿರುಕಿನಿಂದ ಮೇಲೆದ್ದ ಕ್ರೌರ್ಯದ ಹೊಸ ಗುಂಪುಗಳು.

2016ರ ಜುಲೈ 6ರಂದು ಚಿಲ್ಕಾಟ್ ವರದಿ ಹೊರಬಂತು. ಶಾಂತಿಯುತ ದಾರಿಗಳೆಲ್ಲ ಮುಗಿಯುವ ಮೊದಲೇ ಯುದ್ಧಕ್ಕೆ ಇಳಿಯಲಾಯಿತೆಂದು ಅದು ತೀರ್ಮಾನಿಸಿತು. ಅಂದು ಲೇಬರ್ ಪಕ್ಷದ ನಾಯಕರಾಗಿದ್ದ ಕಾರ್ಬಿನ್, ತಾವು ವಿರೋಧಿಸಿದ್ದ ಯುದ್ಧಕ್ಕಾಗಿ ತಮ್ಮ ಪಕ್ಷದ ಪರವಾಗಿ ಕ್ಷಮೆ ಕೇಳಿದರು. ಮಾಡದ ತಪ್ಪಿಗೆ ಪಕ್ಷದ ಹೆಸರಿನಲ್ಲಿ ತಲೆಬಾಗಿದ ಆ ಗಳಿಗೆ ಅವರ ಸಾರ್ವಜನಿಕ ಬದುಕಿನ ಅತ್ಯಂತ ಘನವಾದ ಗಳಿಗೆಗಳಲ್ಲಿ ಒಂದು.

ನಿರೀಕ್ಷೆಯಿಲ್ಲದ ಗೆಲುವು

2015ರ ಮೇ ತಿಂಗಳ ಚುನಾವಣೆಯಲ್ಲಿ ಲೇಬರ್ ಸೋತು ಎಡ್ ಮಿಲಿಬ್ಯಾಂಡ್ ರಾಜೀನಾಮೆ ಕೊಟ್ಟರು. ನಾಯಕತ್ವಕ್ಕೆ ಸ್ಪರ್ಧಿಸಲು 35 ಸಂಸದರ ಅನುಮೋದನೆ ಬೇಕಿತ್ತು. ಚರ್ಚೆಯಲ್ಲಿ ಎಡಪಂಥೀಯ ದನಿಯೂ ಇರಲಿ ಎಂದು, ಅವರ ನಿಲುವನ್ನು ಒಪ್ಪದ ಕೆಲವರೂ ಕೊನೆಯ ನಿಮಿಷಗಳಲ್ಲಿ ಸಹಿ ಹಾಕಿದರು. ಹೀಗೆ ಕೂದಲೆಳೆಯಲ್ಲಿ ಕಣಕ್ಕಿಳಿದವರು ಸೆಪ್ಟೆಂಬರ್ 12ರಂದು ಶೇಕಡಾ 59.5 ಮತ ಪಡೆದು ಗೆದ್ದರು.

ಇದಕ್ಕೆ ಎರಡು ಕಾರಣಗಳಿದ್ದವು. ಮೊದಲನೆಯದು ನಿಯಮ. ಹೊಸ ವ್ಯವಸ್ಥೆಯಲ್ಲಿ ಪ್ರತಿ ಸದಸ್ಯನಿಗೂ ಒಂದು ಮತ. ಮೂರು ಪೌಂಡ್ ಕೊಟ್ಟು ಹೆಸರು ನೋಂದಾಯಿಸಿದ ಬೆಂಬಲಿಗನಿಗೂ ಮತ. ಎರಡನೆಯದು ಹಸಿದವರ ಪ್ರಶ್ನೆ. ಆ ಜುಲೈನಲ್ಲಿ ಬಡವರ ಭತ್ಯೆಗಳನ್ನು ಕಡಿತಗೊಳಿಸುವ ಮಸೂದೆಯನ್ನು ಸರ್ಕಾರ ಮಂಡಿಸಿದಾಗ ಲೇಬರ್ ನಾಯಕತ್ವ ತಟಸ್ಥವಾಗಿರುವಂತೆ ಸೂಚಿಸಿತು. ನಾಯಕತ್ವದ ನಾಲ್ವರು ಅಭ್ಯರ್ಥಿಗಳಲ್ಲಿ ಅದರ ವಿರುದ್ಧ ಮತ ಹಾಕಿದವರು ಕಾರ್ಬಿನ್ ಒಬ್ಬರೇ. ಬಡವರ ಪಕ್ಷವೆಂದು ಹೇಳಿಕೊಳ್ಳುವುದು ಬಡವರ ಅನ್ನದ ವಿಷಯದಲ್ಲಿ ಮೌನವಾಗಿದ್ದಾಗ, ಮಾತನಾಡಿದವನ ಕಡೆಗೆ ಜನ ತಿರುಗಿದರು. ಮುಂದಿನ ವರ್ಷಗಳಲ್ಲಿ ಪಕ್ಷದ ಸದಸ್ಯರ ಸಂಖ್ಯೆ ಐದು ಲಕ್ಷ ದಾಟಿತು.

ಆದರೆ ಸದಸ್ಯರು ಒಂದು ಕಡೆ, ಸಂಸದರು ಇನ್ನೊಂದು ಕಡೆ. 2016ರ ಜೂನ್ 23ರ ಬ್ರೆಕ್ಸಿಟ್ ಜನಮತಗಣನೆಯಲ್ಲಿ ಅವರು ಅರೆಮನಸ್ಸಿನಿಂದ ಪ್ರಚಾರ ಮಾಡಿದರೆಂದು ದೂರಿ ಸಹೋದ್ಯೋಗಿಗಳು ಸಾಲುಸಾಲಾಗಿ ರಾಜೀನಾಮೆ ಕೊಟ್ಟರು. ಲೇಬರ್ ಸಂಸದರ ಅವಿಶ್ವಾಸ ಮತದಲ್ಲಿ 172 ಮಂದಿ ಅವರ ವಿರುದ್ಧ, ಕೇವಲ 40 ಮಂದಿ ಪರ. ಅವರು ಹುದ್ದೆ ಬಿಡಲಿಲ್ಲ. ಸೆಪ್ಟೆಂಬರಿನಲ್ಲಿ ಸದಸ್ಯರು ಅವರನ್ನೇ ಶೇಕಡಾ 61.8 ಮತಗಳಿಂದ ಮರಳಿ ಆರಿಸಿದರು.

2017ರ ಜೂನ್ 8ರ ಚುನಾವಣೆಗೆ ಮುನ್ನ ಲೇಬರ್ ನೆಲಕಚ್ಚುತ್ತದೆಂದು ಹೆಚ್ಚಿನವರು ಭಾವಿಸಿದ್ದರು. ರೈಲು, ನೀರು, ಅಂಚೆ ಸೇವೆಗಳನ್ನು ಮರಳಿ ಸಾರ್ವಜನಿಕ ಒಡೆತನಕ್ಕೆ ತರುವುದು, ವಿಶ್ವವಿದ್ಯಾಲಯದ ಶುಲ್ಕ ರದ್ದುಪಡಿಸುವುದು, ಫೆಲೆಸ್ತೀನ್ ರಾಷ್ಟ್ರವನ್ನು ಕೂಡಲೇ ಮಾನ್ಯ ಮಾಡುವುದು ಅವರ ಪ್ರಣಾಳಿಕೆಯಲ್ಲಿದ್ದವು. ಫಲಿತಾಂಶ ಬಂದಾಗ ಲೇಬರ್ ಶೇಕಡಾ 40 ಮತ ಮತ್ತು 262 ಸ್ಥಾನ ಪಡೆದಿತ್ತು. ಥೆರೆಸಾ ಮೇ ಬಹುಮತ ಕಳೆದುಕೊಂಡರು. ಅದು ಕಾರ್ಬಿನ್ ಅವರ ಶಿಖರ. ಆದರೂ ಅದು ಸೋಲು ಎಂಬುದನ್ನು ಅವರ ಅಭಿಮಾನಿಗಳು ಮರೆತರು. ಆ ಮರೆವಿನ ಬೆಲೆಯನ್ನು ಎರಡು ವರ್ಷಗಳ ಬಳಿಕ ತೆರಬೇಕಾಯಿತು.

ಯಹೂದಿ ಸಮುದಾಯದ ನೋವು

ಈಗ ನಾವು ಹೆಚ್ಚು ಎಚ್ಚರದಿಂದ ಓದಬೇಕಾದ ಅಧ್ಯಾಯಕ್ಕೆ ಬಂದಿದ್ದೇವೆ.

ಸದಸ್ಯರ ಸಂಖ್ಯೆ ಏರಿದಂತೆ ಪಕ್ಷದೊಳಗೆ, ವಿಶೇಷವಾಗಿ ಸಾಮಾಜಿಕ ಮಾಧ್ಯಮಗಳಲ್ಲಿ, ಯಹೂದಿಗಳ ಬಗ್ಗೆ ಹೀನವಾದ ಮಾತುಗಳು ಕಾಣಿಸಿಕೊಂಡವು. ಇಸ್ರೇಲ್ ಸರ್ಕಾರದ ನೀತಿಯನ್ನು ಖಂಡಿಸುವುದು ಬೇರೆ. ಬ್ಯಾಂಕುಗಳೆಲ್ಲ ಯಹೂದಿಗಳ ಕೈಯಲ್ಲಿವೆ, ಜಗತ್ತನ್ನು ಅವರೇ ಕುಣಿಸುತ್ತಾರೆ ಎಂದು ಬರೆಯುವುದು ಬೇರೆ. ಮೊದಲನೆಯದು ರಾಜಕೀಯ ವಿಮರ್ಶೆ. ಎರಡನೆಯದು ಯೂರೋಪನ್ನು ಹತ್ಯಾಕಾಂಡದವರೆಗೆ ಒಯ್ದ ಹಳೆಯ ವಿಷ.

2012ರಲ್ಲಿ ಪೂರ್ವ ಲಂಡನ್ನಿನ ಗೋಡೆಯೊಂದರ ಮೇಲೆ ಬಡವರ ಬೆನ್ನ ಮೇಲೆ ಪಗಡೆಯಂಥ ಆಟವಾಡುವ ಧನಿಕರ ಚಿತ್ರವೊಂದು ಮೂಡಿತ್ತು. ಅದರಲ್ಲಿನ ಮುಖಗಳು ಯಹೂದಿಗಳ ಕುರಿತ ಹಳೆಯ ವಿಕೃತ ವ್ಯಂಗ್ಯಚಿತ್ರಗಳ ಧಾಟಿಯಲ್ಲಿದ್ದವು. ಅದನ್ನು ಅಳಿಸುವುದನ್ನು ಆಗ ಕಾರ್ಬಿನ್ ಪ್ರಶ್ನಿಸಿದ್ದರು. 2018ರ ಮಾರ್ಚಿನಲ್ಲಿ ಅದು ಬೆಳಕಿಗೆ ಬಂದಾಗ, ಚಿತ್ರವನ್ನು ಸರಿಯಾಗಿ ನೋಡಿರಲಿಲ್ಲವೆಂದು ವಿಷಾದಿಸಿದರು. ಹಮಾಸ್ ಮತ್ತು ಹಿಝ್ಬುಲ್ಲಾ ಪ್ರತಿನಿಧಿಗಳನ್ನು 2009ರಲ್ಲಿ ಗೆಳೆಯರೆಂದು ಕರೆದ ಪದಪ್ರಯೋಗಕ್ಕೂ 2016ರಲ್ಲಿ ಸಂಸದೀಯ ಸಮಿತಿಯ ಮುಂದೆ ವಿಷಾದ ವ್ಯಕ್ತಪಡಿಸಿದ್ದರು. 2018ರ ಮಾರ್ಚ್ 26ರಂದು ಯಹೂದಿ ಸಂಘಟನೆಗಳು ಸಂಸತ್ತಿನ ಮುಂದೆ ಪ್ರತಿಭಟಿಸಿದವು. ಆ ಬೇಸಿಗೆಯಲ್ಲಿ ಮೂರು ಯಹೂದಿ ಪತ್ರಿಕೆಗಳು ಒಂದೇ ಮುಖಪುಟ ಪ್ರಕಟಿಸಿ ತಮ್ಮ ಭಯವನ್ನು ಹೇಳಿಕೊಂಡವು. 2019ರ ಫೆಬ್ರವರಿಯಲ್ಲಿ ಯಹೂದಿ ಸಂಸದೆ ಲೂಸಿಯಾನಾ ಬರ್ಜರ್ ಸೇರಿದಂತೆ ಏಳು ಸಂಸದರು ಪಕ್ಷ ತೊರೆದರು.

ಬ್ರಿಟನ್ನಿನ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ ತನಿಖೆ ನಡೆಸಿ 2020ರ ಅಕ್ಟೋಬರ್ 29ರಂದು ವರದಿ ನೀಡಿತು. ಪಕ್ಷವು ಕಾನೂನುಬಾಹಿರ ಕಿರುಕುಳ ಮತ್ತು ತಾರತಮ್ಯಕ್ಕೆ ಹೊಣೆಯೆಂದು ಅದು ಹೇಳಿತು. ಪರಿಶೀಲಿಸಿದ 70 ದೂರುಗಳ ಕಡತಗಳಲ್ಲಿ ನಾಯಕನ ಕಚೇರಿ ಮತ್ತಿತರರು ಅನುಚಿತವಾಗಿ ಮೂಗು ತೂರಿಸಿದ 23 ಸಂದರ್ಭಗಳನ್ನು ಗುರುತಿಸಿತು. ಅದೇ ದಿನ ಕಾರ್ಬಿನ್, ಪಕ್ಷದಲ್ಲಿ ಈ ದ್ವೇಷವಿದ್ದುದನ್ನು ಒಪ್ಪಿಕೊಂಡರೂ ಅದರ ಪ್ರಮಾಣವನ್ನು ವಿರೋಧಿಗಳು ರಾಜಕೀಯ ಕಾರಣಕ್ಕಾಗಿ ಬಹಳ ಹಿಗ್ಗಿಸಿದ್ದಾರೆಂದರು. ಪಕ್ಷ ಅವರನ್ನು ಅಮಾನತುಗೊಳಿಸಿತು. 2022ರಲ್ಲಿ ಹೊರಬಂದ ಮಾರ್ಟಿನ್ ಫೋರ್ಡ್ ಅವರ ವರದಿ ಇನ್ನೊಂದು ಮಗ್ಗುಲನ್ನು ತೋರಿಸಿತು. ಪಕ್ಷದ ಎರಡೂ ಬಣಗಳು ಯಹೂದಿಗಳ ನೋವನ್ನು ಪರಸ್ಪರ ಹೊಡೆದಾಡುವ ಆಯುಧ ಮಾಡಿಕೊಂಡವು. ಕಪ್ಪು ಜನರ ಮೇಲಿನ ತಾರತಮ್ಯ ಮತ್ತು ಇಸ್ಲಾಮೋಫೋಬಿಯಾದ ದೂರುಗಳಿಗೆ ಅಷ್ಟು ಗಮನ ಸಿಗಲಿಲ್ಲ ಎಂಬುದು ಅದರ ಸಾರ.

ಈ ಎರಡು ವರದಿಗಳನ್ನು ಒಟ್ಟಿಗೆ ಓದಿದರೆ ಸತ್ಯ ಸ್ಪಷ್ಟವಾಗುತ್ತದೆ. ವಿರೋಧಿಗಳು ಈ ವಿಷಯವನ್ನು ದುರುಪಯೋಗಪಡಿಸಿಕೊಂಡದ್ದು ನಿಜ. ಆದರೆ ಗಾಯವೂ ನಿಜವಾಗಿತ್ತು. ಒಂದು ಅಲ್ಪಸಂಖ್ಯಾತ ಸಮುದಾಯ ನಮಗೆ ಭಯವಾಗುತ್ತಿದೆ ಎಂದು ಹೇಳಿದಾಗ ಮೊದಲು ಬೇಕಾದದ್ದು ಕಿವಿ, ಲೆಕ್ಕಾಚಾರ ಆಮೇಲಿನದು. ನಮ್ಮ ಮೇಲಿನ ದ್ವೇಷದ ಬಗ್ಗೆ ನಾವು ದೂರಿದಾಗ ನೀವು ಉತ್ಪ್ರೇಕ್ಷೆ ಮಾಡುತ್ತಿದ್ದೀರಿ ಎಂಬ ಉತ್ತರ ಎಷ್ಟು ಕಹಿಯೆಂದು ಬಲ್ಲ ನಾವು, ಅದೇ ಉತ್ತರ ಇನ್ನೊಬ್ಬರಿಗೆ ದೊರೆತಾಗ ಚಪ್ಪಾಳೆ ತಟ್ಟಬಾರದು. 2019ರ ನವೆಂಬರ್ 26ರಂದು ಬ್ರಿಟನ್ನಿನ ಮುಖ್ಯ ರಬ್ಬಿ ಎಫ್ರೈಮ್ ಮಿರ್ವಿಸ್ ತಮ್ಮ ಸಮುದಾಯದ ಆತಂಕವನ್ನು ಬಹಿರಂಗವಾಗಿ ಬರೆದರು. ಅದೇ ದಿನ ಮುಸ್ಲಿಮ್ ಕೌನ್ಸಿಲ್ ಆಫ್ ಬ್ರಿಟನ್, ಕನ್ಸರ್ವೇಟಿವ್ ಪಕ್ಷದ ಇಸ್ಲಾಮೋಫೋಬಿಯಾವನ್ನು ಖಂಡಿಸುತ್ತಲೇ ಯಹೂದಿಗಳ ಭಯವನ್ನೂ ಮಾನ್ಯ ಮಾಡಿತು. ಅದೇ ಸಂಜೆ ದೂರದರ್ಶನ ಸಂದರ್ಶನವೊಂದರಲ್ಲಿ ಯಹೂದಿ ಸಮುದಾಯದ ಕ್ಷಮೆ ಕೇಳುವಿರಾ ಎಂದು ಮತ್ತೆ ಮತ್ತೆ ಕೇಳಿದಾಗ ಕಾರ್ಬಿನ್ ಕೇಳಲಿಲ್ಲ. ಇರಾಕಿನ ಜನರ ಮುಂದೆ ತಲೆಬಾಗಿದ್ದ ಅದೇ ವ್ಯಕ್ತಿ ಇಲ್ಲಿ ಯಾಕೆ ಬಿಗಿದುಕೊಂಡರು? ತಾನು ಜೀವನವಿಡೀ ಜನಾಂಗ ದ್ವೇಷದ ವಿರುದ್ಧ ಹೋರಾಡಿದವನು, ತನ್ನಲ್ಲಿ ಆ ದೋಷ ಇರಲಾರದು ಎಂಬ ನಂಬಿಕೆಯೇ ಅವರಿಗೆ ಪರದೆಯಾಯಿತೆಂದು ತೋರುತ್ತದೆ. ಸಜ್ಜನರ ಪರೀಕ್ಷೆ ಹೆಚ್ಚಾಗಿ ಅವರ ಸಜ್ಜನಿಕೆಯ ಮೂಲಕವೇ ನಡೆಯುತ್ತದೆ.

2019ರ ಪತನ

ಚುನಾವಣೆಯನ್ನು ನಿರ್ಣಯಿಸಿದ ಮುಖ್ಯ ವಿಷಯ ಬ್ರೆಕ್ಸಿಟ್. ಲೇಬರ್ ಮತದಾರರಲ್ಲಿ ಹೆಚ್ಚಿನವರು ಯೂರೋಪಿಯನ್ ಒಕ್ಕೂಟದಲ್ಲಿ ಉಳಿಯುವ ಪರ. ಲೇಬರ್ ಸಂಸದರಿದ್ದ ಕ್ಷೇತ್ರಗಳಲ್ಲಿ ಹೆಚ್ಚಿನವು ಹೊರಬರುವ ಪರ. ಇಬ್ಬರನ್ನೂ ಹಿಡಿದಿಡಲು ಹೋದ ಕಾರ್ಬಿನ್, ಹೊಸ ಒಪ್ಪಂದ ಮಾಡಿ ಮತ್ತೆ ಜನಮತಗಣನೆಗೆ ಇಡುವೆ, ನಾನು ತಟಸ್ಥನಾಗಿರುವೆ ಎಂದರು. ಜೀವನವಿಡೀ ನೇರ ಮಾತಿಗೆ ಹೆಸರಾದವರು ದೇಶದ ಅತಿ ದೊಡ್ಡ ಪ್ರಶ್ನೆಗೆ ನೇರ ಉತ್ತರ ಕೊಡಲಾಗದೆ ನಿಂತರು. ಆ ಸೆಪ್ಟೆಂಬರಿನಲ್ಲಿ ಪಕ್ಷದ ಸಮಾವೇಶ ಕಾಶ್ಮೀರದ ಬಗ್ಗೆ ಅಂಗೀಕರಿಸಿದ ನಿರ್ಣಯ ಬ್ರಿಟನ್ನಿನ ಭಾರತೀಯ ಮೂಲದ ಅನೇಕರನ್ನೂ ದೂರ ಮಾಡಿತು. ಅದು ಭಾರತ-ಪಾಕಿಸ್ತಾನಗಳು ತಾವೇ ಬಗೆಹರಿಸಿಕೊಳ್ಳಬೇಕಾದ ವಿಷಯವೆಂದು ಪಕ್ಷ ಅನಂತರ ಸ್ಪಷ್ಟನೆ ನೀಡಬೇಕಾಯಿತು.

ಡಿಸೆಂಬರ್ 12ರಂದು ಲೇಬರ್ ಗೆದ್ದದ್ದು 202 ಸ್ಥಾನ, 1935ರ ನಂತರದ ಅತಿ ಕಡಿಮೆ ಸಂಖ್ಯೆ. ಗಣಿ ಕಾರ್ಮಿಕರ ಊರುಗಳು ಕೈಬಿಟ್ಟವು. 1970ರಿಂದ ಬೋಲ್ಸೋವರ್ ಕ್ಷೇತ್ರವನ್ನು ಕಾಯ್ದುಕೊಂಡು ಬಂದಿದ್ದ ಹಿರಿಯ ಡೆನಿಸ್ ಸ್ಕಿನ್ನರ್ ಸೋತರು. ಬೋರಿಸ್ ಜಾನ್ಸನ್ 365 ಸ್ಥಾನಗಳೊಂದಿಗೆ ಆಡಳಿತ ಹಿಡಿದರು. ಬುರ್ಖಾ ಧರಿಸಿದ ಮಹಿಳೆಯರನ್ನು ಅಂಚೆ ಪೆಟ್ಟಿಗೆಗೆ ಹೋಲಿಸಿ ಬರೆದವರು ಅವರೇ. ವಿರೋಧ ಪಕ್ಷದ ನಾಯಕನ ಸೋಲಿನ ಬೆಲೆಯನ್ನು ಅವನೊಬ್ಬನೇ ತೆರುವುದಿಲ್ಲ. ಭತ್ಯೆ ಕಡಿತಗೊಂಡ ತಾಯಂದಿರು, ಬಾಡಿಗೆ ಕಟ್ಟಲಾಗದ ಕುಟುಂಬಗಳು, ದ್ವೇಷಕ್ಕೆ ಗುರಿಯಾದ ಅಲ್ಪಸಂಖ್ಯಾತರು ತೆರುತ್ತಾರೆ. ಅವರ ಕಡು ವಿಮರ್ಶಕರ ಈ ವಾದವನ್ನು ತಳ್ಳಿಹಾಕಲಾಗದು.

ಉಳಿದದ್ದೇನು?

ಲೇಬರ್ ಇತಿಹಾಸದಲ್ಲಿ ಇಂಥ ನಾಯಕ ಹಿಂದೆಯೂ ಇದ್ದರು. 1932ರಿಂದ 1935ರವರೆಗೆ ಪಕ್ಷವನ್ನು ನಡೆಸಿದ ಜಾರ್ಜ್ ಲ್ಯಾನ್ಸ್‌ಬರಿ ಬಡವರಿಗಾಗಿ ಸೆರೆಮನೆಗೆ ಹೋದವರು, ಯುದ್ಧವನ್ನು ಸಂಪೂರ್ಣ ವಿರೋಧಿಸಿದವರು. ಮುಸೊಲಿನಿಯ ಆಕ್ರಮಣವನ್ನು ಹೇಗೆ ತಡೆಯಬೇಕೆಂಬ ಪ್ರಶ್ನೆ ಬಂದಾಗ ಅವರ ಆತ್ಮಸಾಕ್ಷಿಗೂ ಪಕ್ಷದ ಅಗತ್ಯಕ್ಕೂ ಹೊಂದಾಣಿಕೆಯಾಗದೆ ನಿರ್ಗಮಿಸಿದರು. ಆದರೂ ಅವರು ಯಾವ ಬಡವರ ಪರ ಸೆರೆವಾಸ ಅನುಭವಿಸಿದರೋ ಆ ಬಡವರ ಹಕ್ಕುಗಳು ಹತ್ತು ವರ್ಷಗಳ ಬಳಿಕ ಕ್ಲೆಮೆಂಟ್ ಆಟ್ಲಿ ಅವರ ಸರ್ಕಾರದಲ್ಲಿ ಕಾನೂನಾದವು.

ಕಾರ್ಬಿನ್ ಅವರ ವಿಷಯದಲ್ಲೂ ಅಂಥದೇನೋ ಕಾಣುತ್ತಿದೆ. ಅವರ ಉತ್ತರಾಧಿಕಾರಿ ಕೀರ್ ಸ್ಟಾರ್ಮರ್ ಅವರನ್ನು ಸಂಸದೀಯ ಪಕ್ಷದಿಂದ ಹೊರಗಿಟ್ಟು 2024ರಲ್ಲಿ ಭಾರೀ ಬಹುಮತದಿಂದ ಗೆದ್ದರು. ಆಗ ಲೇಬರ್ ಪಡೆದ ಒಟ್ಟು ಮತಗಳು ಕಾರ್ಬಿನ್ 2017ರಲ್ಲಿ ಮಾತ್ರವಲ್ಲ, 2019ರ ಸೋಲಿನಲ್ಲಿ ಪಡೆದದ್ದಕ್ಕಿಂತಲೂ ಕಡಿಮೆ. ಆದರೆ ಬೇಕಾದ ಕಡೆ ಬೇಕಾದಷ್ಟು ಮತ ಪಡೆಯುವುದೂ ನಾಯಕತ್ವದ ಭಾಗ. ಗೆದ್ದ ಆ ಸರ್ಕಾರ ರೈಲುಗಳನ್ನು ಸಾರ್ವಜನಿಕ ಒಡೆತನಕ್ಕೆ ತರುವ ಕಾನೂನು ಮಾಡಿತು. 2025ರ ಸೆಪ್ಟೆಂಬರಿನಲ್ಲಿ ಫೆಲೆಸ್ತೀನ್ ರಾಷ್ಟ್ರವನ್ನು ಮಾನ್ಯ ಮಾಡಿತು. 2015ರ ಆ ಮಸೂದೆ ತಂದಿದ್ದ, ಎರಡು ಮಕ್ಕಳಿಗೆ ಮಾತ್ರ ಭತ್ಯೆ ಎಂಬ ಮಿತಿಯನ್ನು ತೆಗೆಯುವುದಾಗಿ ಅದೇ ವರ್ಷದ ನವೆಂಬರಿನಲ್ಲಿ ಘೋಷಿಸಿತು. ಇವೆಲ್ಲ ಕಾರ್ಬಿನ್ ಅವರೊಬ್ಬರಿಂದ ಆದವೆನ್ನುವುದು ಅತಿಶಯೋಕ್ತಿ. ಗಾಝಾದ ಹೆಣಗಳು, ಬೀದಿಗಿಳಿದ ಜನರು, ಬೆಲೆಯೇರಿಕೆಯ ಬೇಗೆ ಎಲ್ಲವೂ ಸೇರಿ ಆದ ಬದಲಾವಣೆ ಇದು. ಆದರೆ ಆಗದ ಮಾತು ಎಂದು ನಕ್ಕಿದ್ದ ವಿಷಯಗಳನ್ನು ಚರ್ಚೆಯ ಅಂಗಳಕ್ಕೆ ಎಳೆದು ತಂದವರಲ್ಲಿ ಅವರು ಪ್ರಮುಖರು.

ಅದೇ 2024ರ ಚುನಾವಣೆಯಲ್ಲಿ, ನಲವತ್ತೊಂದು ವರ್ಷ ಸೇವೆ ಮಾಡಿದ ಕ್ಷೇತ್ರದಲ್ಲಿ ಪಕ್ಷೇತರರಾಗಿ ನಿಂತ ಅವರನ್ನು ಇಸ್ಲಿಂಗ್ಟನ್ನಿನ ಜನ 7,247 ಮತಗಳ ಅಂತರದಿಂದ ಗೆಲ್ಲಿಸಿದರು. ರಾಷ್ಟ್ರ ತಿರಸ್ಕರಿಸಿದ ನಾಯಕನನ್ನು ನೆರೆಹೊರೆಯವರು ಕೈಬಿಡಲಿಲ್ಲ. 2025ರಲ್ಲಿ ಝಾರಾ ಸುಲ್ತಾನಾ ಅವರೊಂದಿಗೆ ಹೊಸ ಪಕ್ಷ ಕಟ್ಟಲು ಹೊರಟಾಗ ಅಲ್ಲೂ ಒಡಕು ಬೇಗನೆ ತಲೆದೋರಿತು. ಜನರನ್ನು ಎಬ್ಬಿಸುವ ಶಕ್ತಿ ಅವರಲ್ಲಿದೆ. ಎದ್ದವರನ್ನು ಒಂದೇ ದಾರಿಯಲ್ಲಿ ನಡೆಸುವ ಶಕ್ತಿ ಅಷ್ಟಿಲ್ಲ.

ಹಾಗಾದರೆ ತೀರ್ಪೇನು? ಯುದ್ಧ, ವರ್ಣಭೇದ ಮತ್ತು ಬಡತನದ ವಿಷಯಗಳಲ್ಲಿ ಕಾಲ ಅವರ ಪರ ಸಾಕ್ಷಿ ನುಡಿಯುತ್ತಿದೆ. ನಾಯಕತ್ವದ ಕೌಶಲದಲ್ಲಿ, ಪಕ್ಷದೊಳಗಿನ ದ್ವೇಷವನ್ನು ತಡೆಯುವ ಕರ್ತವ್ಯದಲ್ಲಿ ಅವರು ಸೋತರು. ಮೊದಲನೆಯದು ಎರಡನೆಯದನ್ನು ಅಳಿಸುವುದಿಲ್ಲ. ಎರಡನೆಯದು ಮೊದಲನೆಯದನ್ನೂ ಅಳಿಸುವುದಿಲ್ಲ.

ಪ್ರಿಯ ಓದುಗರೇ, ದಮನಿತ ಸಮುದಾಯಗಳಿಗೆ ಒಂದು ದೌರ್ಬಲ್ಯವಿದೆ. ನಮ್ಮ ಪರವಾಗಿ ಒಬ್ಬ ಮಾತನಾಡಿದರೆ ಸಾಕು, ಅವನ ತಪ್ಪುಗಳಿಗೆಲ್ಲ ನಾವೇ ವಕೀಲರಾಗುತ್ತೇವೆ. ಕೃತಜ್ಞತೆ ಒಳ್ಳೆಯ ಗುಣ, ಆದರೆ ಅದು ನ್ಯಾಯದ ಕಣ್ಣು ಕಟ್ಟಬಾರದು. ಕಾರ್ಬಿನ್ ಅವರಿಗೆ ಋಣ ಸಲ್ಲಿಸುವ ಸರಿಯಾದ ದಾರಿ, ಅವರು ಇರಾಕಿಗಾಗಿ ಮಿಡಿದಂತೆ ನಾವೂ ನಮ್ಮವರಲ್ಲದವರ ನೋವಿಗೆ ಮಿಡಿಯುವುದು. ಅವರು ಯಹೂದಿ ನೆರೆಯವರ ಮಾತಿಗೆ ಕಿವಿಗೊಡಲು ತಡಮಾಡಿದಂತೆ ನಾವು ತಡಮಾಡದಿರುವುದು. ಫಿನ್ಸ್‌ಬರಿ ಪಾರ್ಕಿನಲ್ಲಿ ಆ ರಾತ್ರಿ ಇಮಾಮ್ ಮಹಮೂದ್ ಅವರಿಗೆ ಯಾರ ಪರ ನಿಲ್ಲಬೇಕೆಂದು ಯೋಚಿಸಲು ಸಮಯವಿರಲಿಲ್ಲ. ತಮ್ಮವರ ರಕ್ತ ಚೆಲ್ಲಿದವನಿಗೂ ನ್ಯಾಯ ದೊರೆಯಬೇಕೆಂದು ಅವರು ಅಡ್ಡ ನಿಂತರು.